ನೂಲಿನ ತಂಪಿಗೆ ಕಟ್ಟಿದ ಸಾಲೆ

ನಮ್ಮ ಸಾಲೆಯೊಳಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕಾಗಿತ್ತು. ಬೇರೆ ಸಾಲೆಗಳಿಗೆ ಮಕ್ಕಳು ಕಟ್ಟೆ ಹತ್ತಿ ಹೋಗುತ್ತಾರೆ, ನಾವು ಮಾತ್ರ ಬಾವಿಗೆ ಇಳಿದ ಹಾಗೆ ಇಳಿಯುತ್ತಿದ್ದೆವು. ಬನಹಟ್ಟಿಯ ನಮ್ಮ ಓಣಿಯ ಹೆಣ್ಣುಮಕ್ಕಳ ಸಾಲೆ ಅದು, ಜಮಖಂಡಿ ಸಂಸ್ಥಾನದ ಕಾಲದ್ದು. ಕಟ್ಟಿದವರು ಓಣಿಯ ನೇಕಾರರು. ಮುಂದೆ ನಿಂತು, ಇಲ್ಲಿ ಅಗೆಯಿರಿ, ಅಲ್ಲಿ ಕಲ್ಲಿಡಿರಿ ಎಂದು ಎಲ್ಲರ ಮೇಲೂ ಕೂಗಾಡಿ ಕಟ್ಟಿಸಿದವನು ನನ್ನ ಅಪ್ಪ. ಈ ಮಾತನ್ನು ಅವನು ಯಾರಿಗೂ ಮರೆಯಗೊಡುತ್ತಿರಲಿಲ್ಲ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಕಟ್ಟಡವೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ, ಮಗ್ಗದ ಮನೆ. ನಮ್ಮ ಕಡೆ ಹೋಳಿ ಹುಣ್ಣಿಮೆ ಕಳೆಯಿತೆಂದರೆ ಬಿಸಿಲು ಮೈ ಸುಡುತ್ತದೆ. ಆ ಒಣ ಗಾಳಿ ತಾಗಿದರೆ ಮಗ್ಗದ ಮೇಲೆ ಉದ್ದಕ್ಕೂ ಬಿಗಿದ ನೂಲಿನ, ನಾವು ಹಾಸು ಎನ್ನುವುದರ, ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ನೇಕಾರ ನೆಲ ಅಗೆದು, ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುತ್ತಾನೆ. ನೆಲದ ತಂಪು ನೂಲನ್ನು ಮೆತ್ತಗೆ ಇಡುತ್ತದೆ. ಗೋಡೆ ದಪ್ಪ ಇರಬೇಕು. ಪಡುವಣಕ್ಕೆ ಒಂದು ಕಿಂಡಿಯೂ ಇರಕೂಡದು. ಬಡಗಣಕ್ಕೆ ಮಾತ್ರ ತಗ್ಗಿನಲ್ಲಿ ಸಣ್ಣ ಕಿಟಕಿ, ಕೂತವನ ಎದೆಯ ಎತ್ತರಕ್ಕೆ, ಹಾಸಿನ ಮೇಲೆ ಬೆಳಕು ಬೀಳುವ ಹಾಗೆ. ಮಾಳಿಗೆಯ, ಅಂದರೆ ಮಟ್ಟಸವಾದ ಚಾವಣಿಯ, ಮೇಲೆ ನೀರು ಹಿಡಿಯದ ಸವಳು ಮಣ್ಣು. ಅಪ್ಪ ಸಾಲೆಯನ್ನೂ ಹೀಗೆಯೇ ಕಟ್ಟಿಸಿದ. ಪಡುವಣದಲ್ಲಿ ಇದ್ದ ಬೇವಿನ ಮರವನ್ನು ಕಡಿಯದೆ, ಅದರ ನೆರಳು ಗೋಡೆಯ ಮೇಲೆ ಬೀಳಲೆಂದು ಗೋಡೆಯನ್ನೇ ಅದರ ಮಗ್ಗುಲಿಗೆ ಒಯ್ದ. ವೈಶಾಖದ ಮಧ್ಯಾಹ್ನ ಒಳಗೆ ಇಳಿದರೆ ಹರವಿಯ ನೀರಿನ ತಂಪು. ನಿಜ ಹೇಳುತ್ತೇನೆ, ಅಂಥ ತಂಪು ನಾನು ಆಮೇಲೆ ಯಾವ ದೊಡ್ಡ ಕಟ್ಟಡದಲ್ಲಿಯೂ ಕಂಡಿಲ್ಲ.

ಆದರೆ ಮಗ್ಗಕ್ಕೆ ಕೂಡುವವನು ಒಬ್ಬ. ಕಿಟಕಿಗೆ ಮುಖ ಮಾಡಿ ಕೂತರೆ ಬೆಳಕೆಲ್ಲ ಅವನದೇ. ಸಾಲೆಯಲ್ಲಿ ಕೂಡುವವರು ಸಾಲುಸಾಲು ಹುಡುಗಿಯರು. ಮುಂದಿನವರ ತಲೆ, ಹೆಗಲು, ಹೆರಳು ಎಲ್ಲ ಸೇರಿ ಬೆಳಕನ್ನು ಅಲ್ಲಿಯೇ ನುಂಗಿಬಿಡುತ್ತಿದ್ದವು. ಹಿಂದಿನ ಸಾಲಿಗೆ ಹಗಲು ಹನ್ನೆರಡು ಗಂಟೆಗೂ ಮುಸ್ಸಂಜೆ. ಓದದವನು ಕಟ್ಟಿದ ಸಾಲೆ! ಅಕ್ಷರಕ್ಕೆ ಎಷ್ಟು ಬೆಳಕು ಬೇಕೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ನಾನು ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದೆ, ಹಾಗಾಗಿ ಹಿಂದಿನ ಸಾಲೇ ನನ್ನ ಪಾಲಿಗೆ. ನಮಗೆ ಕಲಿಸುತ್ತಿದ್ದ ಅಕ್ಕೋರು ಜಮಖಂಡಿಯವರು, ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಓದಿ ಮುಂದೆ ಬಂದವರು. ಅವರು ನಮ್ಮ ಸಾಲುಗಳನ್ನು ಆಗಾಗ ಬದಲಿಸಿ ನೋಡಿದರು. ಬದಲಿಸಿದರೇನು, ಯಾರೋ ಒಬ್ಬರು ಹಿಂದೆ ಇರಲೇಬೇಕಲ್ಲ! ಕಂದೀಲು ಹಚ್ಚಿ ನೋಡಿದರು, ಹೊಗೆ ತುಂಬಿ ಎಲ್ಲರಿಗೂ ಕೆಮ್ಮು. ಬೇವಿನ ಕೆಳಗೆ ಕೂಡಿಸೋಣವೆಂದರೆ, ದೊಡ್ಡ ಹುಡುಗಿಯರನ್ನು ಬೀದಿಯಲ್ಲಿ ಕೂಡಿಸುವುದೇ ಎಂದು ಓಣಿಯ ಹಿರಿಯರು ಹುಬ್ಬು ಗಂಟಿಕ್ಕಿದರು. ಕಡೆಗೆ ಹಿಂದಿನ ಸಾಲಿನವರೆಲ್ಲ ಕಿವಿಯಿಂದಲೇ ಕಲಿತೆವು. ಮುಂದಿನವರು ಓದುವುದನ್ನು ಕೇಳಿ ಪಾಠ ಬಾಯಿಪಾಠ ಮಾಡಿ, ಪುಸ್ತಕ ಮುಖದ ಮುಂದೆ ಹಿಡಿದು ಗಡಗಡ ಒಪ್ಪಿಸಿಬಿಡುತ್ತಿದ್ದೆವು.

ಇಷ್ಟಾದರೂ ನನಗೆ ಆ ಸಾಲೆ ಜೀವ. ಯಾಕೆಂದರೆ ಅಪ್ಪನ ಕರಾರು ಹಾಗಿತ್ತು. "ಓಣ್ಯಾಗ ಸಾಲಿ ಇರೂತನಾ ಹೋಗು. ಸಾಲಿ ಮುಚ್ಚಿದ ದಿನಾ ರಾಟಿ ಮುಂದ ಕೂತು ಕಂಡಿಕಿ ಸುತ್ತು. ಪ್ಯಾಟಿ ದಾಟಿ ಗಂಡುಡುಗೂರ ಸಾಲಿಗೆ ಕಳಸಾವಲ್ಲ ನಾ." ಕಂಡಿಕೆ ಸುತ್ತುವುದೆಂದರೆ ಲಾಳಿಯೊಳಗೆ ಇಡುವ ನೂಲು ಸುತ್ತುವುದು. ನಮ್ಮ ಓಣಿಯ ಹುಡುಗಿಯರು ರಾಟಿಯ ಮುಂದೆ ಕೂತರೆಂದರೆ ಏಳುವುದು ಮದುವೆಯ ದಿನವೇ. ಸಾಲೆ ಉಳಿದರೆ ನನ್ನ ಓದು ಉಳಿಯಿತು, ಇಲ್ಲವಾದರೆ ಇಲ್ಲ. ಇಷ್ಟೇ ಲೆಕ್ಕ.

ಯುದ್ಧದ ಕಾಲ ಅದು. ಒಂದು ವೈಶಾಖದಲ್ಲಿ ಸಂಸ್ಥಾನದ ತಪಾಸಣೆಯ ಸಾಹೇಬರು ಬಂದರು. ಅಕ್ಕೋರ ಪಗಾರ ಸಂಸ್ಥಾನದ್ದು. ಕಟ್ಟಡ ಸಾಲೆಗೆ ತಕ್ಕದ್ದು ಎಂದು ಸಾಹೇಬರು ಒಪ್ಪಿದರೆ ಮಾತ್ರ ಅಕ್ಕೋರು ನಮ್ಮಲ್ಲಿ ಇರುವುದು. ಸಾಹೇಬರು ಟಾಂಗಾದಿಂದ ಇಳಿದಾಗ ಅವರ ಕೋಟು ಬೆನ್ನಿಗೆ ಅಂಟಿತ್ತು. ಮೆಟ್ಟಿಲು ಇಳಿದವರೇ "ಆಹಾ!" ಎಂದು ಕಣ್ಣು ಮುಚ್ಚಿ, ಅಕ್ಕೋರ ಕುರ್ಚಿಯ ಮೇಲೆ ಕೂತುಬಿಟ್ಟರು. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಪಾಸಣೆಗೆ ಬಂದದ್ದನ್ನೇ ಮರೆತವರ ಹಾಗೆ ಬಹಳ ಹೊತ್ತು ಕೂತರು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮೀಸೆಯೊಳಗೆ ನಗೆ.

ಆಮೇಲೆ ಸಾಹೇಬರಿಗೆ ಕೆಲಸ ನೆನಪಾಯಿತು. ನೇರ ಹಿಂದಿನ ಸಾಲಿಗೆ ಬಂದು, ನನ್ನ ಕೈಯ ಪುಸ್ತಕ ತೆಗೆದುಕೊಂಡು, ನಾವು ಇನ್ನೂ ಮುಟ್ಟದ ಪಾಠ ತೆರೆದು ಕೊಟ್ಟರು. "ಓದವಾ."

ಪುಟದ ಮೇಲೆ ಇರುವೆ ಹರಿದ ಹಾಗೆ ಏನೋ ಕಪ್ಪಗೆ ಕಾಣಿಸಿತು, ಅಷ್ಟೇ. ಮೂಗಿನ ಹತ್ತಿರ ಹಿಡಿದೆ, ದೂರ ಹಿಡಿದೆ, ಆ ಕಡೆ ಈ ಕಡೆ ವಾಲಿಸಿದೆ.

"ಈಕೀಗೆ ಓದ್ಲಿಕ್ಕೆ ಬರೂದಿಲ್ಲೇನು?" ಎಂದು ಸಾಹೇಬರು ಅಕ್ಕೋರನ್ನು ಕೇಳಿದರು.

"ಬರ್ತದರೀ. ಕಾಣಸೂದಿಲ್ಲ," ಎಂದರು ಅಕ್ಕೋರು. ಅವರು ಸುಳ್ಳು ಹೇಳುವವರಲ್ಲ. ಒಂದು ಸಣ್ಣ ಸುಳ್ಳು ಹೇಳಬಾರದಿತ್ತೇ ಎಂದು ಆಗ ಅವರ ಮೇಲೆಯೇ ಸಿಟ್ಟು ಬಂದಿತ್ತು ನನಗೆ.

ಸಾಹೇಬರು ಚೀಲದಿಂದ ಒಂದು ನಕಾಶೆ ತೆಗೆದರು. ಎತ್ತರದ ಕಟ್ಟೆ, ಎರಡೂ ಕಡೆ ಆಳೆತ್ತರದ ಕಿಟಕಿ, ಮೇಲೆ ಹಂಚು. ಎಲ್ಲಿಯೋ ಮಳೆ ಸುರಿಯುವ ನಾಡಿಗೆ ಬರೆದ ನಕಾಶೆಯನ್ನು ನಮ್ಮ ಬಿಸಿಲಿಗೆ ತಂದಿದ್ದರು ಪುಣ್ಯಾತ್ಮರು. "ಪೂರಾ ಹಿಂಗ ಕಟ್ರಿ ಅನ್ನೂದಿಲ್ಲ. ಪಡುವಣ ಗ್ವಾಡಿ ಒಡದು ದೊಡ್ಡ ಕಿಟಕಿ ಇಡ್ರಿ. ಆಷಾಢದಾಗ ಮತ್ತ ಬರ್ತೀನಿ. ಹಿಂದಿನ ಸಾಲಿನ ಹುಡಿಗಿ ಓದಿದ್ರ ಸಾಲಿ ನಡೀಲಿ, ಇಲ್ಲಂದ್ರ ಅಕ್ಕೋರನ್ನ ಜಮಖಂಡಿಗೆ ಕರಸ್ಕೋತೇವಿ."

ಅಪ್ಪ ಕೈ ಮುಗಿದೇ ಹೇಳಿದ. "ಸಾಹೇಬ್ರ, ಪಡುವಣಕ್ಕ ಕಿಟಕಿ ಇಟ್ರ ಬ್ಯಾಸಿಗ್ಯಾಗ ಉರಿ ಗಾಳಿ, ಮಳಿಗಾಲದಾಗ ಇರಚಲಾ. ಮಣ್ಣಿನ ಗ್ವಾಡಿರಿ ಅದು, ಉಳಿಯಾಂಗಿಲ್ಲ. ನೀವು ಈಗ ಕುಂತಿದ್ರೆಲ್ಲಾ ತಂಪಿನ್ಯಾಗ, ಅದೂ ಇರಾಂಗಿಲ್ಲ."

"ತಂಪು ಬೇರೆ, ವಿದ್ಯಾ ಬೇರೆ," ಎಂದರು ಸಾಹೇಬರು. ರುಮಾಲು ಸುತ್ತಿಕೊಂಡು ಬಿಸಿಲಿಗೆ ಹತ್ತಿ ಹೋದರು.

ಆ ದಿನದಿಂದ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. ಅಪ್ಪ ಗೋಡೆ ಮುಟ್ಟಗೊಡಲಿಲ್ಲ. ಓಣಿಯವರು ಬಂದು ಹೇಳಿದರೂ ಇಲ್ಲ, ಅಕ್ಕೋರು ಮನೆಯತನಕ ಬಂದು ಬೇಡಿಕೊಂಡರೂ ಇಲ್ಲ. "ನಾ ಕಟ್ಟಿದ ಗ್ವಾಡಿ. ನೋಡಬೇಕಂದ್ರ ಕಾಣತೈತಿ. ಕಣ್ಣ ಬಿಟ್ಟು ನೋಡ್ರಿ," ಎನ್ನುವುದು ಅವನ ಉತ್ತರ. ಅವನ ಸಿಟ್ಟು ಮೂಗಿನ ತುದಿಯಲ್ಲಿ, ನನ್ನದೂ ಅಲ್ಲೇ. ನಾನು ಅವನಿಗೆ ಊಟಕ್ಕೆ ನೀಡುವುದನ್ನು ಬಿಟ್ಟೆ. ಅವನು ಕರೆದರೆ ಗೋಡೆಗೆ ಮುಖ ಮಾಡಿ ಓ ಎನ್ನುತ್ತಿದ್ದೆ. "ಅಪ್ಪ-ಮಗಳು ಇಬ್ರೂ ಒಂದ ಕಲ್ಲಾಗ ಕಡದಾರ," ಎಂದು ಅವ್ವ ನಡುವೆ ಸಿಕ್ಕು ನವೆಯುತ್ತಿದ್ದಳು. ಕಾರಹುಣ್ಣಿಮೆ ಹೋಯಿತು, ಆಷಾಢ ಹಿಡಿಯಿತು. ಒಂದು ಸಂಜೆ ಅಪ್ಪ ಹಳೆಯ ರಾಟಿಯನ್ನು ಅಟ್ಟದಿಂದ ಇಳಿಸಿ, ಅದಕ್ಕೆ ಹೊಸ ಹುರಿ ಕಟ್ಟಿ, ಪಡಸಾಲೆಯ ಮೂಲೆಯಲ್ಲಿ ಇಟ್ಟ. ಯಾರಿಗೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ವಾರವೇ, ಸಾಹೇಬರು ನಾಳೆ ಮಧ್ಯಾಹ್ನ ಬರುತ್ತಾರೆಂದು ಜಮಖಂಡಿಯಿಂದ ಸುದ್ದಿ ಬಂತು.

ಮರುದಿನ ಮುಂಜಾನೆ ಬಿಸಿಲು ಬಿದ್ದಿತ್ತು. ಆಷಾಢದಲ್ಲಿ ಬಿಸಿಲು ಬಿದ್ದದ್ದೇ ತಡ, ಓಣಿಯವರೆಲ್ಲ ಹಾಸುಗಳನ್ನು ಬೀದಿಗೆ ತಂದು, ಉದ್ದಕ್ಕೂ ಚಾಚಿ, ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದರು. ನಮ್ಮದೂ ಇತ್ತು. ಯುದ್ಧದಿಂದ ನೂಲು ಸಿಗುವುದೇ ಕಷ್ಟವಾಗಿದ್ದ ಕಾಲ. ಆ ಹಾಸಿನ ನೂಲಿಗಾಗಿ ಅಪ್ಪ ರಬಕವಿಯ ಸಾವಕಾರರ ಬಾಗಿಲನ್ನು ಎಷ್ಟು ಸಲ ತುಳಿದಿದ್ದನೋ. ಗಂಜಿಯ ಹಾಸು ಒಣಗುವ ಮುಂಚೆ ಮಳೆಗೆ ಸಿಕ್ಕಿತೆಂದರೆ ಗಂಜಿ ಕರಗಿ, ಎಳೆಗೆ ಎಳೆ ಅಂಟಿ, ಮುದ್ದೆಯಾಗಿ ಹೋಗುತ್ತದೆ. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ಪದ್ಧತಿ: ಹನಿ ಬಿತ್ತೆಂದರೆ ಯಾರ ಕೈಯಲ್ಲಿ ಏನಿದ್ದರೂ ಚೆಲ್ಲಿ ಹಾಸಿನ ಕಡೆ ಓಡಬೇಕು. ತುತ್ತು ಬಾಯಲ್ಲಿದ್ದರೂ ಸರಿ.

ಅಪ್ಪ ಗಂಜಿಯ ಕುಂಚ ತೊಳೆಯುತ್ತಿದ್ದ. ನಾನು ಹೋಗಿ ಅವನ ಕೈ ಹಿಡಿದೆ. ಮಾತು ಬಿಟ್ಟು ಎಷ್ಟೋ ದಿನವಾದ ಮೇಲೆ ಮುಟ್ಟಿದ್ದು.

"ಬಾ," ಎಂದೆ.

"ಎಲ್ಲಿಗೆ ಬೇ?"

"ಸಾಲಿಗೆ. ಹಿಂದಿನ ಸಾಲಿನ್ಯಾಗ ಕೂಡು ಬಾ. ಒಮ್ಮಿ ಕೂಡು, ಆಮ್ಯಾಲೆ ಬೇಕಾದ್ರ ನಾನ ರಾಟಿ ತಿರವತೇನಿ."

ನನ್ನ ದನಿಯಲ್ಲಿ ಏನಿತ್ತೋ, ಬಂದ. ಹುಡುಗಿಯರು ಆಗಲೇ ಕೂತಿದ್ದರು, ಅಕ್ಕೋರು ಹಲಗೆಯ ಹತ್ತಿರ ನಿಂತಿದ್ದರು. ಅಪ್ಪ ಹುಡುಗಿಯರ ನಡುವೆ ಮೊಣಕಾಲು ಮಡಿಸಿ ನನ್ನ ಜಾಗದಲ್ಲಿ ಕೂತ. ನಾನು ಒಂದು ನೂಲಿನ ಎಳೆ ಹರಿದು ಎರಡು ತುದಿ ಅವನ ಕೈಯಲ್ಲಿಟ್ಟು "ಕೂಡಸು" ಎಂದೆ. ಎಂಥ ದಡ್ಡಿ ನಾನು! ಹುಟ್ಟಿದಾಗಿನಿಂದ ಹರಿದ ಎಳೆ ಕೂಡಿಸಿದ ಬೆರಳು ಅವು. ಅವನು ಮಾಳಿಗೆ ನೋಡುತ್ತಲೇ ಗಂಟು ಹಾಕಿ, ಎಳೆಯನ್ನು ಜಗ್ಗಿ ತೋರಿಸಿದ.

"ನೋಡಿದ್ಯಾ? ಕಾಣತೈತಿ," ಎಂದು ಎದ್ದ.

ಅವನ ಧೋತರದ ಚುಂಗು ಹಿಡಿದು ಮತ್ತೆ ಕೂಡಿಸಿದೆ. ನಮ್ಮ ಮನೆಯಲ್ಲಿ ಸೀರೆಯ ದಡಿಗೆ ಕಪ್ಪು ಮತ್ತು ಕುಂಕುಮದ ಬಣ್ಣದ ನೂಲು ತರುತ್ತಿದ್ದರು. ಎರಡರದೂ ಸಣ್ಣ ಉಂಡೆ ನನ್ನ ಚೀಲದಲ್ಲಿತ್ತು, ಹೆರಳಿಗೆ ಕಟ್ಟಲು ಇಟ್ಟುಕೊಂಡದ್ದು. ಎರಡನ್ನೂ ಅವನ ಅಂಗೈಯಲ್ಲಿ ಇಟ್ಟೆ.

"ಕೆಂಪು ಯಾವುದ್ಹೇಳು."

ಬೆರಳಿಗೆ ಬಣ್ಣ ತಿಳಿಯುವುದಿಲ್ಲ. ಅಪ್ಪ ಅವನ್ನು ಕಣ್ಣ ಹತ್ತಿರ ತಂದ, ದೂರ ಹಿಡಿದ, ಆ ಕಡೆ ಈ ಕಡೆ ವಾಲಿಸಿದ. ನನ್ನನ್ನೇ ನಾನು ನೋಡಿದಂತಾಯಿತು. ಬಹಳ ಹೊತ್ತು ಆದ ಮೇಲೆ ಒಂದು ಉಂಡೆ ಎತ್ತಿ ಹಿಡಿದು "ಇದು" ಎಂದ. ನಾನು ಅದನ್ನು ತೆಗೆದುಕೊಂಡು ಮುಂದಿನ ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ. ಕಪ್ಪು. ಬಣ್ಣದ ದಡಿಗೆ ಹೆಸರಾದ ನೇಕಾರ ಅವನು, ತನ್ನ ಮಗ್ಗದ ನೂಲನ್ನೇ ತಪ್ಪು ಹೇಳಿದ್ದ. ಗೆದ್ದೆನೆಂದು ನನಗೇನೂ ಸಂತೋಷವಾಗಲಿಲ್ಲ.

ಅಪ್ಪ ಎದ್ದ. ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ. ಹೋದ, ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ದಡ್ ಎಂದು ಸಪ್ಪಳ. ಹಿಂದಿನ ಸಾಲಿನ ಮೇಲೆ ಮಣ್ಣು ಉದುರಿತು. ಅಕ್ಕೋರು "ಏಳ್ರೇ, ಮುಂದ ಸರೀರಿ!" ಎಂದು ನಮ್ಮನ್ನು ಎಳೆದರು. ಅಪ್ಪ ಹಾರೆ ತೆಗೆದುಕೊಂಡು ಮಾಳಿಗೆ ಹತ್ತಿ, ಎರಡು ತೊಲೆಗಳ ನಡುವೆ ಬೆಳಕಿಂಡಿ ಒಡೆಯುತ್ತಿದ್ದ.

ಓಣಿಯವರು ಕೆಳಗಿನಿಂದ ಕೂಗಿದರು. "ಏ ಮಾರಾಯಾ, ಆಷಾಢದಾಗ ಮಾಳಗಿ ಒಡಿತಿಯಲ್ಲೋ, ತಲಿ ನೆಟ್ಟಗೈತಿಲ್ಲೋ ನಿಂದು?"

"ಗ್ವಾಡಿ ಒಡಿಯಾಂಗಿಲ್ಲ ಅಂದೇನಿ, ಮಾಳಗಿ ಒಡಿಯಾಂಗಿಲ್ಲ ಅಂದಿಲ್ಲ. ಬರ್ರಿ ಮ್ಯಾಲೆ, ಇಟ್ಟಂಗಿ ಕೊಡ್ರಿ!"

ಹತ್ತಿದರು. ತೂತು ಒಡೆಯುವುದು ಸುಲಭ, ಅದನ್ನು ಉಳಿಸುವುದು ಕಷ್ಟ. ತೂತಿನ ಸುತ್ತ ಇಟ್ಟಿಗೆ, ಸುಣ್ಣದ ಗಾರೆಯಿಂದ ಮೊಳದೆತ್ತರದ ಕಟ್ಟೆ ಕಟ್ಟಬೇಕು. ಇಲ್ಲವಾದರೆ ಮಾಳಿಗೆಯ ನೀರೆಲ್ಲ ಆ ತೂತಿಗೇ ನುಗ್ಗಿ, ಮಣ್ಣು ನೆನೆದು, ಜಂತಿ ಸಮೇತ ಒಳಗೆ ಕುಸಿಯುತ್ತದೆ. ನೇರ ಬೀಳುವ ಮಳೆಗೆ ಆಮೇಲೆ ಕಟ್ಟೆಯ ಮೇಲೊಂದು ತಗಡು ಸರಿಸಿದರಾಯಿತು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಮೂರು ಕಡೆ ಎದ್ದಿತ್ತು. ಪಡುವಣದ ಕಡೆ ಮಾತ್ರ ಬಾಕಿ. ಪಡುವಣದಿಂದಲೇ ಮೋಡ ಕಪ್ಪಾಗಿ ಬಂದಿತು, ಬಿಸಿಲು ಎತ್ತ ಹೋಯಿತೋ ತಿಳಿಯಲಿಲ್ಲ. ಅದೇ ಹೊತ್ತಿಗೆ ಓಣಿಯ ಬಾಯಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು.

ಸಾಹೇಬರು ಮೆಟ್ಟಿಲು ಇಳಿಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. "ಹಾಸು! ಹಾಸು!" ಎಂದು ಬೀದಿಯ ತುಂಬ ಕೂಗು ಎದ್ದಿತು. ಮಾಳಿಗೆಯ ಮೇಲಿದ್ದವರೆಲ್ಲ ಇಟ್ಟಿಗೆ ಬಿಸಾಕಿ ದಡದಡ ಇಳಿದು ಓಡಿದರು. ಅವರದೇನೂ ತಪ್ಪಲ್ಲ, ಪದ್ಧತಿ ಅದು, ಹೊಟ್ಟೆಯ ಪ್ರಶ್ನೆ. ಒಬ್ಬನ ಹೆಜ್ಜೆಯ ಸಪ್ಪಳ ಮಾತ್ರ ನಮ್ಮ ತಲೆಯ ಮೇಲೆಯೇ ಉಳಿಯಿತು.

ಸಾಹೇಬರು ಮೇಲಕ್ಕೆ ನೋಡಿದರು. ಬೆಳಕಿಂಡಿಯ ಕೆಳಗೆ ಬೆಳಕು ಚೌಕವಾಗಿ ಬಿದ್ದಿತ್ತು, ಅದರೊಳಗೆ ಹನಿಗಳೂ ಬೀಳುತ್ತಿದ್ದವು. ಅವರು ನನ್ನನ್ನು ಗುರುತು ಹಿಡಿದು ಬೆರಳು ಮಾಡಿ ಕರೆದು ಅಲ್ಲಿ ನಿಲ್ಲಿಸಿದರು. ಪುಸ್ತಕದ ಕಡೆಯ ಪಾಠಗಳಲ್ಲಿ ಒಂದನ್ನು ತೆರೆದು ಕೊಟ್ಟರು.

ಹೊರಗೆ ಅವ್ವನ ದನಿ. "ಏನ್ರೀ! ಬರ್ರಿ, ಕೆಳಗ ಬರ್ರಿ! ಹಾಸು ತೋಯಾಕತ್ತೈತಿ! ನನ್ನೊಬ್ಬಾಕಿ ಕೈಲಿ ನೀಗಾಂಗಿಲ್ರೀ!"

ಹಾಸು ಎತ್ತಲು ಎರಡು ತುದಿಗೂ ಜನ ಬೇಕು. ಅವಳು ಒಬ್ಬಳೇ ಇದ್ದಳು, ಉಳಿದವರು ತಮ್ಮ ತಮ್ಮ ಹಾಸಿನ ಹತ್ತಿರ. ಅಪ್ಪ ಇಳಿಯಲಿಲ್ಲ. ಮೇಲೆ ಕರಣೆಯ ಸಪ್ಪಳ ನಿಲ್ಲಲಿಲ್ಲ. ಒಂದು ಇಟ್ಟಿಗೆ, ಗಾರೆ, ಮತ್ತೊಂದು ಇಟ್ಟಿಗೆ.

"ಅಕ್ಕೋರ, ನಾ ಹೋಗ್ತೇನ್ರೀ," ಎಂದು ನಾನು ಪುಸ್ತಕ ಕೆಳಗಿಟ್ಟು ಮೆಟ್ಟಿಲ ಕಡೆ ಓಡಿದೆ.

"ಎಲ್ಲಿ ಹೊಂಟಿ?"

ಬೆಳಕಿಂಡಿಯಲ್ಲಿ ಅಪ್ಪನ ಮುಖ. ಮೀಸೆಯಿಂದ ನೀರು ಇಳಿಯುತ್ತಿತ್ತು, ಹಣೆಯ ಮೇಲೆ ಸುಣ್ಣ.

"ಯಪ್ಪಾ, ಹಾಸು!"

"ಹಾಸು ನಾ ನೋಡ್ಕೋತೇನಿ. ನೀ ಓದು."

ಅವನು ನೋಡಿಕೊಳ್ಳುವುದಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ. ತಿರುಗಿ ಬಂದೆ. ಪುಸ್ತಕ ಎತ್ತಿಕೊಂಡೆ. ಅಕ್ಷರಗಳು ಕಾಣುತ್ತಿದ್ದವು. ಒಂದೊಂದೂ, ಕೊಂಬು, ದೀರ್ಘ, ಒತ್ತು ಸಮೇತ. ಎಂದೂ ಕೇಳದ ಪಾಠ ಅದು. ಮೊದಲ ಸಾಲು ತಡವರಿಸಿದೆ, ಎರಡನೆಯದನ್ನು ನೆಟ್ಟಗೆ ಓದಿದೆ. ಹನಿ ಬಿದ್ದು ಪುಟ ಹಸಿಯಾಯಿತು, ಬೆರಳಿಂದ ಒರೆಸಿ ಮುಂದೆ ಓದಿದೆ. ಅಳುತ್ತಲೇ ಓದಿದೆ. ಅವ್ವನ ಕೂಗು ಸಣ್ಣದಾಗುತ್ತ ಬಂದು ಕಡೆಗೆ ನಿಂತೇಹೋಯಿತು. ಎತ್ತಲಾರದೆ ಬಿಟ್ಟಳೆಂದು ತಿಳಿಯಿತು.

ಸಾಹೇಬರು ಬಾಗಿಲ ಕಡೆ ನೋಡಿದರು, ಮೇಲೆ ನೋಡಿದರು. ಅವರಿಗೂ ಎಲ್ಲ ತಿಳಿದಿತ್ತು ಅನಿಸುತ್ತದೆ, ದನಿ ಬಹಳ ಮೆತ್ತಗಿತ್ತು. "ಸಾಕವಾ, ಸಾಕು. ಅಕ್ಕೋರ, ಸಾಲಿ ಇಲ್ಲೇ ನಡೀಲಿ. ಕಿಟಕಿ ಬ್ಯಾಡ."

ನಾನು ಪುಸ್ತಕ ಮುಚ್ಚಲು ಹೋದೆ. ಅಪ್ಪ ಕಟ್ಟೆಯ ಕಡೆಯ ಇಟ್ಟಿಗೆಯನ್ನು ಎದೆಗೆ ಅವುಚಿಕೊಂಡು, ಬೆಳಕಿಂಡಿಯೊಳಗೆ ತಲೆ ಹಾಕಿ ಹೇಳಿದ: "ಸಾಕಂದ್ರ ಹ್ಯಾಂಗ್ರೀ ಸಾಹೇಬ್ರ? ಇನ್ನೂ ಓದ್ತಾಳ, ಕೇಳ್ರಿ. ಕಡೀತನಕಾ ಓದವ್ವಾ, ನಾನೂ ಕೇಳಾಕತ್ತೇನಿ."